ಏರಿಗೆ ಮುಂಚಿನ ಸದ್ದು

ಪ್ರೀತಿಯ ಭಾವನವರಿಗೆ,

ಹೀಗೆ ಇನ್ನು ಕರೆಯಬಹುದೋ ಇಲ್ಲವೋ ತಿಳಿಯದು. ಹೆಸರು ಹಿಡಿದು ಬರೆಯೋಣವೆಂದರೆ ಜನ್ಮದಲ್ಲಿ ಒಮ್ಮೆಯೂ ನಿಮ್ಮನ್ನು ಹಾಗೆ ಕರೆದವನಲ್ಲ. ‘ಮಾನ್ಯರೇ’ ಎಂದು ಬರೆದು ನೋಡಿದೆ, ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ದೂರು ಕೊಟ್ಟ ಹಾಗಾಯಿತು. ಆದ್ದರಿಂದ ಹಳೆಯ ಪದವನ್ನೇ ಇಟ್ಟಿದ್ದೇನೆ. ಬೇಡವೆನಿಸಿದರೆ ಅದರ ಮೇಲೊಂದು ಗೀಟು ಎಳೆದು ಮುಂದೆ ಓದಿ. ಗಾಬರಿ ಬೇಡ, ಅಕ್ಕ ಚೆನ್ನಾಗಿದ್ದಾಳೆ. ಇದು ಅವಳು ಹೇಳಿ ಬರೆಸುತ್ತಿರುವುದೂ ಅಲ್ಲ. ನನ್ನ ಸೈಕಲ್ಲಿನ ವಿಷಯ.

ಪೆಡಲಿನ ಪಕ್ಕದ ಚೈನ್‌ವೀಲ್, ಅದೇ ಚೈನು ಕೂರುವ ಹಲ್ಲಿನ ಚಕ್ರ, ಹಾಳಾಯಿತು. ಮೊದಲಿನ ಹಾಗೆ ದೊಡ್ಡದೊಂದು ಚಿಕ್ಕದೊಂದು ಎರಡು ಹಾಕಿಸಬೇಕೋ, ಈಗಿನವರಂತೆ ಒಂದೇ ಹಾಕಿಸಿಬಿಡಬೇಕೋ ಎಂದು ಸೈಕಲ್ ಅಂಗಡಿಯಾಕೆ ಕೇಳಿದಳು. ಇಂಥದ್ದನ್ನೆಲ್ಲ ನಿಮ್ಮನ್ನು ಕೇಳಿಯೇ ಅಭ್ಯಾಸ. ಬ್ರೇಕಿನ ರಬ್ಬರು ಬದಲಿಸುವುದಕ್ಕೂ ನಿಮ್ಮ ಮುಖ ನೋಡುತ್ತಿದ್ದವನು ನಾನು. ಯೋಚಿಸಿ ಹೇಳುತ್ತೇನೆಂದು ಸೈಕಲ್ಲನ್ನು ಅಲ್ಲೇ ಬಿಟ್ಟು ನಡೆದು ಬಂದೆ.

ಹಾಳಾದದ್ದು ಹೇಗೆಂದು ಕೇಳಿದರೆ ನೀವು ನಗುತ್ತೀರಿ. ನೀವು ಮನೆ ಬದಲಿಸಿದ ಮೇಲೆ ಎಷ್ಟೋ ತಿಂಗಳು ನಾನು ಸೈಕಲ್ ಮುಟ್ಟಿರಲಿಲ್ಲ. ಒಂದು ಭಾನುವಾರ ಮನೆಯೊಳಗೆ ಕೂತು ಕೂತು ತಲೆ ಕೆಟ್ಟು, ನಾವಿಬ್ಬರೂ ಹತ್ತುತ್ತಿದ್ದ ಗುಡ್ಡದ ಕಡೆಗೇ ಹೊರಟೆ. ಡಾಂಬರು ಮುಗಿಯುವವರೆಗೂ ಚೆನ್ನಾಗಿಯೇ ಹೋಯಿತು. ಮೋರಿ ಬಂತು, ದಾಟಿದೆ. ಜಲ್ಲಿ ರಸ್ತೆ ಶುರುವಾಯಿತು, ಏರೂ ಶುರುವಾಯಿತು. ಏರಿಗೆ ಚೈನನ್ನು ಚಿಕ್ಕ ಚಕ್ರಕ್ಕೆ ಇಳಿಸಬೇಕು, ನಾನಿನ್ನೂ ದೊಡ್ಡದರಲ್ಲೇ ಇದ್ದೆ. ಏನನ್ನೋ ಕಾಯುತ್ತಿದ್ದೆ. ಉಸಿರು ಕಟ್ಟಿ, ಸೈಕಲ್ ಇನ್ನೇನು ನಿಂತೇ ಹೋಗುತ್ತದೆ ಎನ್ನುವಾಗ ಹಟಕ್ಕೆ ಬಿದ್ದು ಗೇರಿನ ಲಿವರ್ ಒತ್ತಿದೆ. ಚೈನು ಚಿಕ್ಕ ಚಕ್ರಕ್ಕೂ ಚೌಕಟ್ಟಿಗೂ ನಡುವೆ ಹೋಗಿ ಸಿಕ್ಕಿಕೊಂಡಿತು, ನಾನು ಸೈಕಲ್ ಸಮೇತ ಪೊದೆಯೊಳಗೆ ಬಿದ್ದೆ. ದಿನವಿಡೀ ಕಂಡವರ ಬಾಯಿಗೆ ಹಲ್ಲಿನ ಸೆಟ್ಟು ಮಾಡಿ ಕೊಡುವವನು, ಸ್ವಂತ ಸೈಕಲ್ಲಿನ ಹಲ್ಲನ್ನೇ ಮುರಿದುಕೊಂಡೆ.

ಪೊದೆಯಲ್ಲಿ ಕೂತು ಮುಳ್ಳು ಕೀಳುವಾಗ ಗೊತ್ತಾಯಿತು, ನಾನು ಕಾಯುತ್ತಿದ್ದುದು ನಿಮ್ಮ ಸೈಕಲ್ಲಿನ ‘ಟಕ್’ ಎಂಬ ಸದ್ದನ್ನು.

ಭಾವ, ಪೆಡಲಿನ ಬಳಿಯ ಆ ಮುಂದಿನ ಗೇರನ್ನು ಯಾವಾಗ ಇಳಿಸಬೇಕೆಂದು ನಾನು ಕಲಿತೇ ಇಲ್ಲ. ಹಿಂದಿನ ಚಕ್ರದ ಗೇರುಗಳನ್ನು ಹೇಗೋ ಸಂಭಾಳಿಸುತ್ತಿದ್ದೆ. ಮುಂದಿನದಕ್ಕೆ ಮಾತ್ರ ನಿಮ್ಮ ಬೆನ್ನೇ ಗತಿ. ಮೋರಿಗಿಂತ ಸ್ವಲ್ಪ ಹಿಂದೆಯೇ, ನೆಲ ಇನ್ನೂ ಸಪಾಟಾಗಿರುವಾಗಲೇ, ನಿಮ್ಮ ಚೈನು ಟಕ್ ಎಂದು ಚಿಕ್ಕ ಚಕ್ರಕ್ಕೆ ಇಳಿಯುತ್ತಿತ್ತು. ನಾನೂ ಟಕ್ ಎನಿಸುತ್ತಿದ್ದೆ. ಯೋಚನೆ ಇಲ್ಲ, ಲೆಕ್ಕಾಚಾರ ಇಲ್ಲ. ಸಾಲದ್ದಕ್ಕೆ ನಿಮ್ಮನ್ನೇ ಕಿಚಾಯಿಸುತ್ತಿದ್ದೆ, “ಏನು ಭಾವ, ಏರು ಬರೋಕೆ ಮುಂಚೇನೇ ಕಾಲು ಸೋತು ಹೋಯ್ತಾ?” ಎಂದು. ನೀವು ತಿರುಗಿಯೂ ನೋಡದೆ ಒಂದು ಕೈ ಎತ್ತಿ ಆಡಿಸುತ್ತಿದ್ದಿರಿ. ದಿನವಿಡೀ ಲಿಫ್ಟು ರಿಪೇರಿ ಮಾಡಿ ಊರಿನವರನ್ನೆಲ್ಲ ಮೇಲೆ ಹತ್ತಿಸುವ ನಿಮಗೆ, ಭಾನುವಾರವೊಂದು ದಿನ ನನ್ನನ್ನೂ ಹತ್ತಿಸುವ ಕೆಲಸ.

ಅಕ್ಕ ಈಗ ನನ್ನ ಮನೆಯ ಮುಂದಿನ ಕೋಣೆಯಲ್ಲಿದ್ದಾಳೆ. ಬಂದ ದಿನ ಎರಡು ಪೆಟ್ಟಿಗೆ, ಹೊಲಿಗೆ ಮೆಷಿನ್ನು ಇಳಿಸಿಕೊಂಡು, ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೇಳಿದಳು, “ಅವರು ಕೆಟ್ಟವರಲ್ಲ ಕಣೋ. ಒಂದೇ ಮನೇಲಿ ಇಬ್ಬರೂ ಒಬ್ಬೊಬ್ಬರೇ ಇದ್ವಿ, ಅಷ್ಟೆ. ಇನ್ನು ಆ ಮಾತು ಬೇಡ.” ನಾನು ಬೇಡ ಎಂದರೆ ಬೇಡ ಎಂದುಕೊಂಡೆ. ಅಂದಿನಿಂದ ಈ ಮನೆಯಲ್ಲಿ ನಿಮ್ಮ ಹೆಸರು ಬಂದಿಲ್ಲ. ಗುಡ್ಡದ ಮಾತೂ ಬಂದಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಇಲ್ಲಿ ಆ ಕೂಸಿಗೆ ಮೀಸೆ ನರೆತಿದೆ, ಅಷ್ಟೇ ವ್ಯತ್ಯಾಸ. ನೀವಿಬ್ಬರೂ ಜಗಳವನ್ನೂ ಆಡಲಿಲ್ಲ ಬಿಡಿ. ಆಡಿದ್ದರೆ ನಾನು ಯಾರದಾದರೂ ಒಂದು ಪಕ್ಷ ಹಿಡಿದು ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ಅಕ್ಕನಿಗೆ ಗಂಡ ಹೋದ, ಅದಕ್ಕೆ ಜನ ಬಂದು ಕೂತು ಸಮಾಧಾನ ಹೇಳಿದರು. ನಿಮಗೂ ನಿಮ್ಮವರು ಹೇಳಿರಬಹುದು. ಭಾವ ಹೋದನೆಂದು ಯಾರ ಮುಂದೆ ಹೇಳಿಕೊಳ್ಳುವುದು? ಕೆಲಸದ ಕಡೆ ಒಮ್ಮೆ ಬಾಯಿಬಿಟ್ಟೆ. ಪಕ್ಕದ ಮೇಜಿನಲ್ಲಿ ಹಲ್ಲಿನ ಸೆಟ್ಟಿಗೆ ಮೇಣ ಕೆತ್ತುತ್ತಿದ್ದವರು, “ಅಯ್ಯೋ, ಅಕ್ಕನ ಕಥೆ ಹೇಗಿದೆಯೋ ನೋಡು ಮೊದಲು” ಎಂದರು. ಸರಿಯಾದ ಮಾತೇ. ನಾನು ತಲೆ ತಗ್ಗಿಸಿ ಪ್ಲಾಸ್ಟರಿನ ಅಚ್ಚು ಉಜ್ಜಿದೆ.

ಇನ್ನೊಂದು ಹೇಳಬೇಕು. ನಾನು ಹಲ್ಲಿನ ಸೆಟ್ಟು ತಲುಪಿಸಲು ಹೋಗುವ ದಂತವೈದ್ಯರ ಕಟ್ಟಡದಲ್ಲಿ ಒಂದು ದಿನ ಲಿಫ್ಟು ಕೆಟ್ಟಿತ್ತು. ಬಾಗಿಲ ಮುಂದೆ ನಿಮ್ಮ ಚೀಲ ಇತ್ತು. ಅಕ್ಕ ಜೀನ್ಸ್ ಬಟ್ಟೆಯಲ್ಲಿ ಹೊಸ ಹಿಡಿಕೆ ಹೊಲಿದುಕೊಟ್ಟ ಅದೇ ಚೀಲ. ಮೇಲೆಲ್ಲೋ ಕತ್ತಲೆಯೊಳಗೆ ನೀವು ಕಬ್ಬಿಣ ಬಡಿಯುವುದು ಕೇಳುತ್ತಿತ್ತು. ಕೂಗಿದ್ದರೆ ನಿಮಗೆ ಕೇಳುತ್ತಿತ್ತು. ಏನೆಂದು ಕೂಗಬೇಕು ಎಂದು ಹೊಳೆಯದೆ, ಯಾರದೋ ಹಲ್ಲಿನ ಡಬ್ಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಇಳಿದು ಬರುವಷ್ಟರಲ್ಲಿ ಲಿಫ್ಟು ಓಡಾಡುತ್ತಿತ್ತು, ಚೀಲ ಇರಲಿಲ್ಲ.

ಸೈಕಲ್ಲಿಗೆ ಬರುತ್ತೇನೆ. ಅಂಗಡಿಯಾಕೆ ಮುರಿದ ಹಲ್ಲುಗಳ ಮೇಲೆ ಬೆರಳಾಡಿಸಿ, ಏರಿನ ಮಧ್ಯದಲ್ಲಿ ಹೀಗೆ ಒತ್ತಡ ಹಾಕಿ ಯಾರಾದರೂ ಇಳಿಸುತ್ತಾರೆಯೇ ಎಂದು ಗದರಿದಳು. ಒಂದೇ ಚಕ್ರ ಹಾಕಿಸಿದರೆ ಈ ರಗಳೆಯೇ ಇಲ್ಲವಂತೆ. ಎಡಗೈಗೆ ಕೆಲಸವಿಲ್ಲ, ಚೈನು ಬೀಳುವುದಿಲ್ಲ, ಕೆಸರು ಕಚ್ಚಿಕೊಳ್ಳುವುದೂ ಕಡಿಮೆ. ಹಿಂದೆ ಅಗಲವಾದ ಹಲ್ಲುಚಕ್ರಗಳ ಸಾಲು ಇರುತ್ತದೆ, ಗುಡ್ಡಕ್ಕೂ ಅದೇ ಡಾಂಬರಿಗೂ ಅದೇ. ಎರಡೇ ಬೇಕೆಂದರೆ ಗೇರುಗಳು ಹತ್ತಿರ ಹತ್ತಿರ ಸಿಗುತ್ತವೆ, ಕಾಲಿಗೆ ಹಿತ, ಆದರೆ ಯಾವಾಗ ಬದಲಿಸಬೇಕೆಂದು ತುಳಿಯುವವನಿಗೆ ಗೊತ್ತಿರಬೇಕು. ಆ ಕೊನೆಯ ಮಾತು ಹೇಳುವಾಗ ನನ್ನನ್ನೇ ನೋಡಿದಳು. ಆಮೇಲೆ, ನಿಮ್ಮ ಜೊತೆಗಾರರು ಎಲ್ಲಿ, ಅವರೂ ಈ ಕಡೆ ಬಂದು ಯಾವ ಕಾಲವಾಯಿತು ಎಂದಳು. ಬಿಡುವಿಲ್ಲ ಅವರಿಗೆ ಎಂದೆ.

ನೀವೂ ಸೈಕಲ್ ಬಿಟ್ಟಿದ್ದೀರಿ ಎಂದು ನನಗೆ ತಿಳಿದದ್ದು ಹಾಗೆ.

ಮತ್ತೆ ಅಂಗಡಿಗೆ ಹೋದಾಗ, ನೋಡಿ ತೀರ್ಮಾನ ಮಾಡಿ ಎಂದು ಆಕೆ ಒಂದೇ ಚಕ್ರದ ತನ್ನ ಸೈಕಲ್ಲನ್ನು ಒಂದು ದಿನಕ್ಕೆ ಕೊಟ್ಟಳು. ಹೋದೆ. ಸುಳ್ಳು ಹೇಳಬಾರದು, ಗುಡ್ಡ ಹತ್ತಿದೆ. ಬಲಗೈಯ ಲಿವರನ್ನು ಒತ್ತುತ್ತಾ ಹೋದರೆ ಆಯಿತು, ಎಲ್ಲೂ ನಿಲ್ಲಲಿಲ್ಲ. ಆದರೆ ಒಂದು ಗೇರಿಗೂ ಇನ್ನೊಂದಕ್ಕೂ ಅಂತರ ಜಾಸ್ತಿ. ಒಂದರಲ್ಲಿ ತುಳಿದರೆ ಭಾರ, ಅದರ ಪಕ್ಕದ ಗೇರಿಗೆ ಹಾಕಿದರೆ ತೀರಾ ಹಗುರ. ಕಾಲಿಗೆ ಒಪ್ಪುವುದು ಅವೆರಡರ ನಡುವೆ ಎಲ್ಲೋ ಇತ್ತು, ಅದು ಸಿಗಲೇ ಇಲ್ಲ. ಮೇಲೆ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಬಾಟಲಿ ತೆಗೆದೆ. ಪಕ್ಕದಲ್ಲಿ ನೀವು ಕೂರುವ ಜಾಗ ಬಿಟ್ಟೇ ಕೂತಿದ್ದೆ, ಎದ್ದಾಗ ಗೊತ್ತಾಯಿತು. ಯಾರ ಸಹಾಯವೂ ಇಲ್ಲದೆ ಹತ್ತಿದ್ದೇನೆ, ಹಿಗ್ಗಬೇಕಾಗಿತ್ತು. ಅಳು ಬಂತು ಭಾವ. ಇದೇ ಸಾಕು, ಒಂದೇ ಹಾಕಿಸಿಬಿಡೋಣ, ಇನ್ನು ಯಾರ ಸದ್ದನ್ನೂ ಕಾಯುವುದು ಬೇಡ ಎಂದುಕೊಂಡು ಇಳಿದು ಬಂದೆ.

ಮನೆಯಲ್ಲಿ ಅಕ್ಕ ದಿಂಬಿನ ಕವರು ಹೊಲಿಯುತ್ತಿದ್ದಳು. ಯಾರದು ಸೈಕಲ್ಲು ಎಂದಳು. ಹೇಳಿದೆ. ಬಿದ್ದದ್ದು, ಮುರಿದದ್ದು, ಒಂದೋ ಎರಡೋ ಎನ್ನುವುದು, ಎಲ್ಲವನ್ನೂ ಹೇಳಿದೆ, ನಿಮ್ಮ ವಿಷಯ ಮಾತ್ರ ಬಿಟ್ಟು. ಮುಂದಿನ ಗೇರು ಯಾವಾಗ ಇಳಿಸಬೇಕೋ ನನಗೆ ತಿಳಿಯುವುದಿಲ್ಲ, ಹಾಗಾಗಿ ಒಂದೇ ಸಾಕು ಎಂದೆ. ಅವಳು ಮೆಷಿನ್ನು ನಿಲ್ಲಿಸಿದಳು. ಸೂಜಿಯನ್ನೇ ನೋಡುತ್ತಾ ಹೇಳಿದಳು:

“ನಿನಗೆ ತಿಳಿಯಲ್ಲ ಅಂತ ನಿನ್ನ ಭಾವನಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಬೇಕಂತಲೇ ಮುಂಚೆ ಇಳಿಸ್ತಿದ್ರು. ಅಷ್ಟು ಬೇಗ ಇಳಿಸಿದ್ರೆ ಕಾಲು ಸುಮ್ನೆ ಗಿರಗಿರ ತಿರುಗತ್ತೆ, ಮಂಡಿ ನೋಯತ್ತೆ ಅಂತ ಮನೆಗೆ ಬಂದು ಎಣ್ಣೆ ಹಚ್ಕೋತಿದ್ರು. ಹಾಗಾದ್ರೆ ಯಾಕೆ ಇಳಿಸ್ತೀರಿ ಅಂದ್ರೆ, ಹಿಂದೆ ಬರ್ತಾನಲ್ಲ, ಅವನಿಗೆ ಕೇಳ್ಬೇಕಲ್ಲ ಅನ್ನೋರು.”

ಮಂಡಿಯ ಮಾತಿರಲಿ ಭಾವ. ಇಷ್ಟು ದಿನವಾದ ಮೇಲೆ ಅವಳು ‘ನಿನ್ನ ಭಾವ’ ಎಂದಳು. ಅವಳ ಪಾಲಿಗೆ ಏನು ಮುಗಿದಿದೆಯೋ ಅದು ಮುಗಿದಿದೆ. ನನ್ನ ಪಾಲಿನದನ್ನು ಅವಳು ಕಿತ್ತುಕೊಂಡಿರಲಿಲ್ಲ. ನಾನೇ ಕಳೆದುಹೋಯಿತೆಂದು ಕೂತಿದ್ದೆ. ಮೆಷಿನ್ನು ಮತ್ತೆ ಶುರುಮಾಡುತ್ತಾ, “ಬರೆಯೋದಾದ್ರೆ ಬರಿ. ನನ್ನ ವಿಷಯ ಮಾತ್ರ ಬೇಡ” ಎಂದಳು. ಆ ಅಪ್ಪಣೆಯನ್ನು ಆಗಲೇ ಮೀರಿದ್ದೇನೆ, ನೀವು ಹೇಳಬೇಡಿ.

ಎರಡನ್ನೇ ಹಾಕಿಸಿದೆ. ಅಂಗಡಿಯಾಕೆ ತಲೆ ಚಚ್ಚಿಕೊಂಡಳು. ಆಮೇಲೆ ನನ್ನನ್ನು ಅಂಗಡಿಯ ಮುಂದಿನ ಬೀದಿಯಲ್ಲೇ ಓಡಾಡಿಸಿ, ಪೆಡಲಿನ ಮೇಲಿನ ಭಾರ ಸ್ವಲ್ಪ ಸಡಿಲಿಸಿ ಲಿವರ್ ಒತ್ತುವುದನ್ನು ಕಲಿಸಿದಳು. ಈ ವಯಸ್ಸಿನಲ್ಲಿ ಬೀದಿಯವರೆಲ್ಲ ನೋಡುವ ಹಾಗೆ ಪಾಠ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ನನಗೆ ಈಗ ಹೊಸ ಹಲ್ಲೂ ಇದೆ, ಗೇರಿನ ಬುದ್ಧಿಯೂ ಬಂದಿದೆ, ಜೊತೆಗೆ ಬರುವವರಿಲ್ಲ.

ಹೋದ ಭಾನುವಾರ ಒಬ್ಬನೇ ಹೋದೆ. ಬೆಳಿಗ್ಗೆ ರಸ್ತೆಯಲ್ಲಿ ಒಂದು ಹಾಲಿನ ವ್ಯಾನು ಬಿಟ್ಟರೆ ನರಪಿಳ್ಳೆಯಿಲ್ಲ. ಮೋರಿ ಕಂಡಿತು. ಸರಿಯಾದ ಜಾಗ ಯಾವುದೆಂದು ಈಗ ನನ್ನ ಕಾಲಿಗೇ ತಿಳಿಯುತ್ತದೆ, ಮೋರಿ ದಾಟಿದ ಮೇಲೆ ಇಳಿಸಿದರೂ ನಡೆಯುತ್ತದೆ. ಆದರೂ ನೀವು ಇಳಿಸುತ್ತಿದ್ದ ಜಾಗದಲ್ಲೇ ಇಳಿಸಿದೆ. ಟಕ್ ಎಂದಿತು. ಕಾಲು ಗಿರಗಿರ ತಿರುಗಿತು, ಮಂಡಿಯಲ್ಲಿ ಚುರುಕ್ಕೆಂದಿತು. ಹಿಂದೆ ಯಾರೂ ಇರಲಿಲ್ಲ. ಗೊತ್ತಿದ್ದೂ ಒಂದು ಕ್ಷಣ ಕಿವಿಗೊಟ್ಟೆ.

ನಿಮ್ಮ ಸೈಕಲ್ಲು ಎಲ್ಲೋ ಗೋಡೆಗೆ ಒರಗಿರಬೇಕು, ಟಯರಿನ ಗಾಳಿ ಇಳಿದಿರಬೇಕು. ಬನ್ನಿ ಎಂದು ಕರೆಯುವ ಧೈರ್ಯ ನನಗಿಲ್ಲ. ನಾನಂತೂ ಭಾನುವಾರ ಬೆಳಿಗ್ಗೆ ಆ ರಸ್ತೆಯಲ್ಲಿರುತ್ತೇನೆ. ಒಂದು ವೇಳೆ ಬಂದರೆ ಮಂಡಿ ನೋಯಿಸಿಕೊಳ್ಳಬೇಡಿ, ಹಿಂದೆ ಇರಿ. ಈ ಸಲ ನಾನು ಮುಂದೆ ಹೋಗುತ್ತೇನೆ. ನಿಮಗೆ ಕೇಳುವ ಹಾಗೆ ಇಳಿಸುತ್ತೇನೆ.

ಏರಿನಲ್ಲಿ ನಿಮ್ಮ ಕಾಲಿಗೆ ಕಸುವಿರಲಿ, ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿ, ಮನೆಗೆ ಬಂದಾಗ ಯಾರಾದರೂ ಬಿಸಿ ನೀರು ಕಾಯಿಸಿಟ್ಟಿರಲಿ.

ಇಂತಿ,
ನಿಮ್ಮ ಮೈದುನ