ಅರವತ್ತೆರಡು ಮೆಟ್ಟಿಲು

ಮೇ ೧೪, ಬುಧವಾರ. ತೊರಿನೊ.

ಬೆಳಗಿನಿಂದ ಆ ಮೆಟ್ಟಿಲುಗಳದೇ ಚಿಂತೆ. ಲಿಗೂರಿಯಾದ ಕಡಲತೀರಕ್ಕೆ ಎರಡೇ ದಿನದ ಪ್ರವಾಸ, ಆದರೆ ಅಲ್ಲಿ ಮೆಟ್ಟಿಲಿಲ್ಲದ ಮನೆಯೇ ಇಲ್ಲ. ನನ್ನ ಗಂಡ ದಾರಿಯೊಗೆ ಲಕ್ವ ಹೊಡೆದು ಹನ್ನೊಂದು ತಿಂಗಳಾಯಿತು. ಆಸ್ಪತ್ರೆ ಬಿಟ್ಟು ಅವನು ಬೇರೆಲ್ಲಿಗೂ ಹೋಗಿಲ್ಲ. ಮಾತೂ ಒಂದೆರಡು ಪದಕ್ಕೆ ನಿಂತುಹೋಗಿದೆ.

ಸಂಜೆ, ಆ ತೀರದ ವೆರ್ನಾತ್ಸಾ ಊರಿನಲ್ಲಿ ಕೋಣೆ ಬಾಡಿಗೆಗೆ ಕೊಡುವ ದೀರ್ಚೆ ಎಂಬಾಕೆಗೆ ಫೋನ್ ಮಾಡಿ, ನನ್ನ ಗಂಡನಿಗೆ ಹತ್ತಲಾದೀತೇ ಎಂದು ಕೇಳಿದೆ.

"ಅರವತ್ತೆರಡು ಮೆಟ್ಟಿಲಮ್ಮ," ಅಂದಳು. "ನಮ್ಮತ್ತೆಗೆ ಎಂಬತ್ತೊಂಬತ್ತು ವರ್ಷ, ದಿನಾ ಹತ್ತಿ ಇಳೀತಾರೆ. ಸುಸ್ತಾದ್ರೆ ಕೂರೋಕೆ ಅಂತ ನಡುನಡುವೆ ಮೂರು ಕುರ್ಚಿ ಇಟ್ಟಿದೀವಿ. ನಿಮ್ಮೋರಿಗೆ ಇನ್ನೆರಡು ಇಡ್ತೀನಿ, ಬನ್ನಿ."

ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ ದಾರಿಯೊ ನನ್ನತ್ತ ತಿರುಗಿ ತೊದಲುತ್ತ ಅಂದ: "ಆ ಮುದುಕಿಗಿಂತ... ನಾನೇನು... ಕಡಿಮೇನಾ, ಒರ್ನೆಲ್ಲಾ?"

ಪೂರ್ತಿ ವಾಕ್ಯ. ಅದೂ ತಮಾಷೆ. ಫೋನು ಹಿಡಿದೇ ಅತ್ತುಬಿಟ್ಟೆ. ದೀರ್ಚೆ ಏನನ್ನೂ ಕೇಳದೆ ಸುಮ್ಮನೆ ಕಾದಳು. ಇನ್ನೂ ಮುಖ ಕೂಡ ನೋಡಿರದ ಆ ಹೆಂಗಸಿಗೆ ನಾನು ಋಣಿ.

ಊಟವಾದ ಮೇಲೆ ಅವನೇ ಎಡಗೈಯಲ್ಲಿ ಈಜುಚಡ್ಡಿ ತಂದು ನನ್ನ ಮಡಿಲಿಗೆ ಹಾಕಿದ. ನೀರಿಗಿಳಿಯಬಾರದೆಂದು ಡಾಕ್ಟರು ಹೇಳಿದ್ದಾರೆ. ಆದರೂ ಮಡಚಿ ಚೀಲದೊಳಗಿಟ್ಟೆ, ಪಕ್ಕದಲ್ಲಿ ನನ್ನದನ್ನೂ.