ಅಡ್ಜಸ್ಟ್ ಮಾಡಿಕೊಂಡವರಿಗೆ

ಧಾರವಾಡ,
ಫೆಬ್ರುವರಿ ೩೦, ೨೨೯೧

ಇಪ್ಪತ್ತೊಂದನೆಯ ಶತಮಾನದ ಹಿರಿಯರಿಗೆ,

ಪೂಜ್ಯರೇ ಎಂದು ಬರೆಯಲು ಮನಸ್ಸಾಗಲಿಲ್ಲ. ತಾರೀಖು ನೋಡಿ ಹುಬ್ಬೇರಿಸಬೇಡಿ, ನಾವು ತಿಂಗಳುಗಳನ್ನೆಲ್ಲ ಸಮ ಮಾಡಿಕೊಂಡಿದ್ದೇವೆ. ಪದಗಳು ವಿಚಿತ್ರ ಅನ್ನಿಸಿದರೆ ಕ್ಷಮೆಯಿರಲಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ.

ನನ್ನ ಹೆಸರು ನೀಲಗಂಗಾ. ನಾನೂ ನನ್ನ ಮಗಳು ಇಳಾಳೂ ಇಲ್ಲಿನ ನ್ಯಾಯಾಲಯದಲ್ಲಿ ಒತ್ತಾಳುಗಳು. ಒತ್ತಾಳು ಎಂದರೆ ಕೀಲಿ ಒತ್ತುವ ಆಳು. ಒತ್ತೆಯಾಳು ಎಂದು ಕೇಳಿಸಿದರೆ ತಪ್ಪು ನಿಮ್ಮ ಕಿವಿಯದ್ದಲ್ಲ. ಜಗತ್ತೆಲ್ಲ ಯಂತ್ರದೊಂದಿಗೆ ಮಾತಾಡಿ ಕೆಲಸ ಮುಗಿಸುತ್ತದೆ. ಆದರೆ ಯಂತ್ರಕ್ಕೆ ಧಾರವಾಡದ ಮಾತು ತಿಳಿಯದು, ಕಲಿಸುವ ಗೋಜಿಗೇ ನೀವು ಹೋಗಲಿಲ್ಲ. ಹಾಗಾಗಿ ಸಾಕ್ಷಿಗಳು ಹೇಳಿದ್ದನ್ನೆಲ್ಲ ನಾವು ದಿನವಿಡೀ ಕೈಯಲ್ಲೇ ಟೈಪ್ ಮಾಡುತ್ತೇವೆ. ಮೇಜು ಮಾತ್ರ ನಿಮ್ಮ ಕಾಲದ ಅಳತೆಯದು, ಊಟದ ಮೇಜಿನಷ್ಟು ಎತ್ತರ. ಅಲ್ಲಿ ಕೂತರೆ ಭುಜ ಕಿವಿಯವರೆಗೆ ಏರುತ್ತದೆ, ಮಣಿಕಟ್ಟು ಸೊಟ್ಟಗಾಗುತ್ತದೆ.

ಹೋದ ದಸರೆಯಿಂದ ಇಳಾಳ ಬೆರಳುಗಳು ಜೋಮು ಹಿಡಿಯತೊಡಗಿದವು. ಜಡೆಯನ್ನೂ ನಾನೇ ಹಾಕಬೇಕಾಯಿತು. ಹೀಗೇ ಮುಂದುವರಿದರೆ ಕೈಯ ಹಿಡಿತ ಮರಳಿ ಬರುವುದಿಲ್ಲ ಎಂದರು ವೈದ್ಯರು. ಮೇಜು ತಗ್ಗಿಸಿ ಎಂದು ಮೇಲ್ವಿಚಾರಕ ಸಂಗಪ್ಪನನ್ನು ಕೇಳಿದೆ. ಅವನು ನಗುತ್ತ, "ಒಂಚೂರು ಅಡ್ಜಸ್ಟ್ ಮಾಡ್ಕೋರಿ, ಅಕ್ಕಾರ" ಅಂದ. ಮೈಯೆಲ್ಲ ಉರಿದುಹೋಯಿತು. ಆ ಮಾತು ನಿಮ್ಮದು! ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ವರನ್ನು ತುರುಕುವ ಮಾತನ್ನು ನೀವು ಕಚೇರಿಗೂ ತಂದಿರಿ. ಎತ್ತರ ಅಡ್ಜಸ್ಟ್ ಮಾಡಲೆಂದೇ ನಿಮ್ಮ ಕುರ್ಚಿಗೆ ಹಿಡಿಕೆ ಇತ್ತು. ಅದನ್ನು ಮುಟ್ಟದೆ ನೀವು ಮೈಯನ್ನು ಅಡ್ಜಸ್ಟ್ ಮಾಡಿಕೊಂಡಿರಿ. ಬಾಮ್ ತಿಕ್ಕಿ, ಕ್ರೇಪ್ ಬ್ಯಾಂಡೇಜ್ ಸುತ್ತಿ, ಮತ್ತೆ ಅದೇ ಮೇಜಿಗೆ ಹೋಗಿ ಕೂತಿರಿ. ಯಾರೂ ಬಾಯಿ ಬಿಡದಿದ್ದುದರಿಂದ ಆ ಎತ್ತರವೇ ಕಾನೂನಾಯಿತು.

ಪರಿಹಾರ ಎಷ್ಟು ಸುಲಭವಾಗಿತ್ತು ಗೊತ್ತೇ? ರಜೆ ಹಾಕಿಸಿ ಅವಳ ಬೆರಳಿಗೆ ಬಿಡುವು ಕೊಟ್ಟೆ. ಆಮೇಲೆ ಕಚೇರಿಯಲ್ಲಿ ಅವಳ ಕುರ್ಚಿಯ ಮೇಲೆ ದಿಂಬು, ಕಾಲಡಿ ಮಣೆ ಇಟ್ಟೆ. ಮೊಣಕೈ ಕೀಲಿಗಳ ಮಟ್ಟಕ್ಕೆ ಬಂತು. ಆಗಾಗ ಎಬ್ಬಿಸಿ ಓಡಾಡಿಸಿದೆ. ಸಂಕ್ರಾಂತಿಯ ದಿನ ಅವಳೇ ಜಡೆ ಹೆಣೆದುಕೊಂಡಳು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಮರುವಾರವೇ, ಎಲ್ಲರೂ ಸಮಾನವಾಗಿ ಕೂರಬೇಕೆಂದು ಹೇಳಿ ಸಂಗಪ್ಪ ದಿಂಬು, ಮಣೆ ಎರಡನ್ನೂ ಎತ್ತಿಸಿದ. ಜೋಮು ಮತ್ತೆ ಶುರುವಾಗಿದೆ.

ನಿನ್ನೆ ಅವಳ ಮೇಜಿನ ಕಾಲು ಬಿಚ್ಚಿ ತಗ್ಗಿಸೋಣವೆಂದು ಸ್ಪ್ಯಾನರ್ ಹಿಡಿದು ಅದರ ಕೆಳಗೆ ನುಸುಳಿದೆ. ಕಾಲುಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದಾರೆ. ಇಷ್ಟು ವರ್ಷ ಕೀಲಿ ಒತ್ತಿದ ನನ್ನ ಕೈಗೆ ಅದನ್ನು ತಿರುಗಿಸುವ ಬಲ ಉಳಿದಿಲ್ಲ.

ನಿಮ್ಮ ಮೇಜಿಗೆ ಇನ್ನೂ ಬೋಲ್ಟ್ ಬಿದ್ದಿಲ್ಲ. ಇದನ್ನು ಓದಿ ಮರುಗುತ್ತ ಕೂರಬೇಡಿ. ಎದ್ದು ಅದನ್ನು ತಗ್ಗಿಸಿ.

ನೀಲಗಂಗಾ