ಮುಚ್ಚಳ ತೆಗೆದ ಕೈ

ಏಪ್ರಿಲ್ 11, ಶನಿವಾರ

ಮತ್ತೆ ಪ್ಲಕಾರ್ಡ್ ಬರೆಯುವ ಕೆಲಸ. ಕೈಯೆಲ್ಲ ಮಾರ್ಕರ್ ಮಸಿ. ಹೋದ ವಾರ ಇಲ್ಲೇ ಹ್ಯಾಂಬರ್ಗ್‌ನ ಎಸ್-ಬಾನ್ ರೈಲು ಸ್ಟೇಷನ್ನಿನಲ್ಲಿ ನಮ್ಮ ಅಭಿನವನನ್ನು ಗುಂಪು ಕಟ್ಟಿ ಹೊಡೆದರು. ಬಣ್ಣ ಕಪ್ಪು, ಅಷ್ಟೇ ಅಪರಾಧ. ದವಡೆ ಮುರಿದಿದೆ. ಕನ್ನಡ ಕೂಟಕ್ಕೆ ಈಗ ಎಚ್ಚರವಾಗಿದೆ. ನಾಳೆ ಪ್ರತಿಭಟನೆ, ಆಮೇಲೆ ಹಾಲ್‌ನಲ್ಲಿ ಊಟ, ಸಭೆ.

ಆಫೀಸಿನ ಸಾಲೇಹಾಳನ್ನು ಮಾತಾಡಲು ಒಪ್ಪಿಸಿದೆ. ಅವಳು ಇನ್ನೂ ಊರಲ್ಲಿದ್ದಾಗ ಅವಳ ತಮ್ಮ ಝುಹೈಬ್‌ನನ್ನು ನಮ್ಮದೇ ನಾಡಿನ ಹೆದ್ದಾರಿಯಲ್ಲಿ ಬಸ್ಸಿನಿಂದ ಇಳಿಸಿ ಕೊಂದರು. ಬುತ್ತಿಯಲ್ಲಿ ದನದ ಮಾಂಸವಿದೆ ಎಂದು. ಜರ್ಮನ್ನರ ದ್ವೇಷ ಬೇರೆ, ನಮ್ಮದು ಬೇರೆಯೇ? ಕೂಟಕ್ಕೆ ಇದನ್ನು ಕೇಳಿಸಬೇಕು. ಅವಳು ಹಿಂಜರಿದಳು. ನಾನಿದ್ದೇನಲ್ಲ ಎಂದೆ. ಊರಲ್ಲಿ ಘೋಷಣೆ ಕೂಗಿ ಪಳಗಿದ ನಾಲಿಗೆ...

ಏಪ್ರಿಲ್ 12, ರಾತ್ರಿ

ಪ್ರತಿಭಟನೆ ಜೋರಾಗಿತ್ತು. ತಮಟೆ ಬಾರಿಸಿದೆ. ಜರ್ಮನ್ನರೂ ಕುಣಿದರು.

ಹಾಲ್‌ನಲ್ಲಿ ಎಲ್ಲರೂ ತಂದ ಡಬ್ಬಿಗಳು ಒಂದೇ ಮೇಜಿನ ಮೇಲೆ. ವೆಜ್ ಮಾತ್ರ — ಯಾರೂ ಕೇಳದೆ ಒಪ್ಪಿಕೊಂಡ ಕಾನೂನು. ನಾನೂ ಒಪ್ಪಿದ್ದೆ. ಸಾಲೇಹಾ ಡಬ್ಬಿ ಇಟ್ಟಾಗ ಬಡಿಸಿಕೊಳ್ಳುವ ಸಾಲು ಮುಂದೆ ಸರಿಯದೆ ನಿಂತುಬಿಟ್ಟಿತು. ಅಧ್ಯಕ್ಷ ಹನುಮಂತರಾಯರು ನನ್ನ ಕಿವಿಯ ಬಳಿ ಬಂದರು: “ಮುನಿಸ್ವಾಮಿ, ಅದರಲ್ಲೇನಿದೆ ಅಂತ ಒಂಚೂರು ನೋಡ್ಬಿಡಿ. ಹಿರಿಯರಿದಾರೆ.”

ಬೇರೆ ಯಾರ ಡಬ್ಬಿಯನ್ನೂ ನೋಡಿರಲಿಲ್ಲ. ಇವರ ಬಾಯಿ ಮುಚ್ಚಿಸಬೇಕೆಂದು ಮುಚ್ಚಳ ಕಿತ್ತು ಡಬ್ಬಿ ಎತ್ತಿ ಹಿಡಿದೆ. “ನೋಡಿ, ಶಾವಿಗೆ ಪಾಯಸ. ಸಮಾಧಾನ ಆಯ್ತಾ?”

ನಕ್ಕರು. ಬಡಿಸಿಕೊಂಡರು. ಗೆದ್ದೆ ಅಂದುಕೊಂಡೆ. ಸಾಲೇಹಾ ನನ್ನ ಕೈಯಿಂದ ಮುಚ್ಚಳ ತೆಗೆದುಕೊಂಡಳು. ಡಬ್ಬಿ ಮುಚ್ಚಿದಳು. ಕೋಟು ಹಾಕಿಕೊಂಡು ಹೋದಳು. ಅವಳ ಭಾಷಣ ಆಗಲೇ ಇಲ್ಲ.

ಏಪ್ರಿಲ್ 13

ಊರಲ್ಲಿ ಅಮ್ಮ ದನದ ಬಾಡನ್ನು ಸೊಪ್ಪಿನಡಿ ಮುಚ್ಚಿಟ್ಟುಕೊಂಡು ಗೌಡರ ಬೀದಿ ದಾಟುತ್ತಿದ್ದಳು. ಅವಳ ಹೊಟ್ಟೆಯಲ್ಲಿ ಹುಟ್ಟಿದವನು ನಾನು. ಥೂ.

ಏಪ್ರಿಲ್ 24

ಸಾಲೇಹಾ ಇಷ್ಟು ದಿನ ಮನೆಯಿಂದಲೇ ಕೆಲಸ ಮಾಡಿದಳು. ಫೋನ್ ಎತ್ತಲಿಲ್ಲ. ಇವತ್ತು ಆಫೀಸು ಬಿಟ್ಟ ಮೇಲೆ ಊ-ಬಾನ್ ಮೆಟ್ರೋ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಳು. ಕ್ಷಮೆ ಕೇಳಿದೆ. ನಿನ್ನ ಪರವಾಗಿಯೇ ತೆರೆದೆ ಎಂದೆ. ಮುಂದಿನ ಸಭೆಯಲ್ಲಿ ನಾನೇ ಮಾತಾಡುತ್ತೇನೆ, ಝುಹೈಬ್‌ನ ಬುತ್ತಿಯಲ್ಲೂ ಬರೀ ಚಪಾತಿ ಪಲ್ಯ ಇತ್ತು ಅಂತ ಎಲ್ಲರಿಗೂ ಹೇಳುತ್ತೇನೆ ಎಂದೆ. ಅವಳು ಹಳಿಯನ್ನೇ ನೋಡುತ್ತಿದ್ದಳು.

“ಖೀಮಾ ಇತ್ತು ಮುನಿಯಣ್ಣ. ನಾನೇ ಕಟ್ಟಿಕೊಟ್ಟಿದ್ದು. ಚಪಾತಿ ಅಂತ ಅಮ್ಮಿ ಪೊಲೀಸರ ಕಾಲು ಹಿಡಿದು ಹೇಳಿದ್ಲು, ಪೇಪರಿನವರು ಹಾಗೇ ಬರೆದ್ರು. ಖೀಮಾ ಇದ್ರೆ ಹೊಡೆದು ಸಾಯಿಸಬಹುದಾ?”

ಇಲ್ಲ ಎನ್ನಬೇಕಿತ್ತು. ಒಂದೇ ಮಾತು. ಅದಕ್ಕೂ ಮೊದಲು ನಾಲಿಗೆಯ ತುದಿಗೆ ಬಂದದ್ದು — ಯಾವುದರ ಖೀಮಾ?

ಕೇಳಲಿಲ್ಲ. ನುಂಗಿದೆ. ಆದರೆ ಅವಳು ನನ್ನ ಮುಖ ನೋಡಿದಳು, ಓದಿಕೊಂಡಳು. ರೈಲು ಬಂತು. ಹತ್ತಿದಳು. ಬಾಗಿಲು ಇನ್ನೂ ತೆರೆದೇ ಇತ್ತು, ನಾನು ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದೆ.